ಮಿಂಚುಳ್ಳಿಯ ಎಡರೆಕ್ಕೆ

ತನ್ನ ಗಾಯವನ್ನು ತಾನೇ ಮಾಯಿಸಿಕೊಳ್ಳುವ ವಿಮಾನ ಬಂದ ಮೇಲೆ ಗಾಯ ಹುಡುಕುವವರು ಏಕೆ ಬೇಕು? ಜಾಲಿಕುಂಟೆಯ ಯುದ್ಧವಿಮಾನ ಕಾರ್ಖಾನೆಯಲ್ಲಿ ಆ ವರ್ಷ ಎಲ್ಲರ ಬಾಯಲ್ಲೂ ಇದ್ದ ಪ್ರಶ್ನೆ ಇದು. ಪದ್ಮರಾಜಯ್ಯನವರ ಎದುರಿಗೆ ಮಾತ್ರ ಅದನ್ನು ಯಾರೂ ಕೇಳುತ್ತಿರಲಿಲ್ಲ. ಇಪ್ಪತ್ತೊಂಬತ್ತು ವರ್ಷಗಳಿಂದ ಗಾಯ ಹುಡುಕುವುದೇ ಅವರ ಕೆಲಸವಾಗಿತ್ತು.

ಹಿರಿಯೂರಿನಿಂದ ಚಳ್ಳಕೆರೆಯ ಕಡೆಗೆ ಹೋಗುವಾಗ ಸಿಗುವ ಒಣ ಬಯಲಿನಲ್ಲಿ ಆ ಕಾರ್ಖಾನೆ ಇತ್ತು. ಮೋಡ ಕಡಿಮೆ, ಜನ ವಿರಳ, ನೆಲ ಸಪಾಟು. ವಿಮಾನ ಕಟ್ಟಿ ಹಾರಿಸಿ ನೋಡಲು ಹೇಳಿ ಮಾಡಿಸಿದ ಜಾಗ. ಅಲ್ಲಿ ತಯಾರಾಗುತ್ತಿದ್ದದ್ದು 'ಡೇಗೆ' ಎಂಬ ಯುದ್ಧವಿಮಾನ. ಅದು ಮೊದಲ ಬಾರಿ ಹಾರಿ ಐವತ್ತೆರಡು ವರ್ಷಗಳಾಗಿದ್ದವು. ಅದರ ನಕ್ಷೆ ಬರೆದವರಲ್ಲಿ ಒಬ್ಬರೂ ಬದುಕಿರಲಿಲ್ಲ. ಆದರೂ ತಿಂಗಳಿಗೆ ಎರಡು ಹೊಸ ಡೇಗೆಗಳು ಕಾರ್ಖಾನೆಯ ದೊಡ್ಡ ಬಾಗಿಲಿನಿಂದ ಹೊರಬರುತ್ತಲೇ ಇದ್ದವು.

ಪದ್ಮರಾಜಯ್ಯ ನಾಲ್ಕನೇ ಶೆಡ್ಡಿನಲ್ಲಿದ್ದ ದಣಿವು ಪರೀಕ್ಷಾ ವಿಭಾಗದ ಮುಖ್ಯಸ್ಥರು. ಒಂದು ತಂತಿಯನ್ನು ಹತ್ತು ಸಲ ಬಗ್ಗಿಸಿದರೆ ಹನ್ನೊಂದನೇ ಸಲ ಮುರಿಯುತ್ತದಲ್ಲ, ಅದೇ ದಣಿವು. ವಿಮಾನದ ರೆಕ್ಕೆಯೂ ಪ್ರತಿ ಹಾರಾಟದಲ್ಲಿ ಮೇಲಕ್ಕೆ ಬಾಗುತ್ತದೆ, ಕೆಳಕ್ಕೆ ಇಳಿಯುತ್ತದೆ. ನಾಲ್ಕನೇ ಶೆಡ್ಡಿನಲ್ಲಿ ಒಂದು ಡೇಗೆಯನ್ನು ಉಕ್ಕಿನ ಚೌಕಟ್ಟಿಗೆ ಬಿಗಿದು, ಎಂಬತ್ತು ಹೈಡ್ರಾಲಿಕ್ ಜಾಕ್‌ಗಳಿಂದ ಅದರ ರೆಕ್ಕೆಗಳನ್ನು ಎತ್ತುತ್ತ ಇಳಿಸುತ್ತ ಇದ್ದರು. ಆ ವಿಮಾನ ಒಂದು ದಿನವೂ ಹಾರಿದ್ದಲ್ಲ. ಆದರೆ ಅದು ಉಂಡ ಪೆಟ್ಟು ಇಪ್ಪತ್ತೊಂದು ಸಾವಿರ ಗಂಟೆಗಳ ಹಾರಾಟಕ್ಕೆ ಸಮ. ದೇಶದಲ್ಲಿ ಹಾರುತ್ತಿದ್ದ ಯಾವ ಡೇಗೆಗೂ ಅಷ್ಟು ವಯಸ್ಸಾಗಿರಲಿಲ್ಲ. ಕೆಲಸಗಾರರು ಅದನ್ನು 'ಅಜ್ಜಿ' ಎನ್ನುತ್ತಿದ್ದರು. ಹಾರುವ ವಿಮಾನಗಳಿಗೆ ನಾಳೆ ಬರಬಹುದಾದ ಬಿರುಕು ಅಜ್ಜಿಗೆ ಇವತ್ತೇ ಬರುತ್ತಿತ್ತು. ಪದ್ಮರಾಜಯ್ಯ ಅದನ್ನು ನೋಡಿ ಬರೆದಿಡುತ್ತಿದ್ದರು.

ಆ ಜನವರಿಯಲ್ಲಿ ಆದೇಶ ಬಂತು. ಮಾರ್ಚ್ ಕೊನೆಗೆ ಡೇಗೆಯ ತಯಾರಿಕೆ ನಿಲ್ಲುತ್ತದೆ. ಅದನ್ನು ಜೋಡಿಸುವ ಚೌಕಟ್ಟುಗಳನ್ನು ಕತ್ತರಿಸಿ ಕರಗಿಸಲಾಗುತ್ತದೆ. ನಾಲ್ಕನೇ ಶೆಡ್ ಮುಚ್ಚುತ್ತದೆ. ಇನ್ನು ಮುಂದೆ 'ಮಿಂಚುಳ್ಳಿ' ಮಾತ್ರ.

ಮಿಂಚುಳ್ಳಿಯ ಮೈ ಲೋಹದ್ದಲ್ಲ. ಇಂಗಾಲದ ಎಳೆಗಳನ್ನು ನೇಯ್ದು, ಅಂಟು ಕುಡಿಸಿ, ಒಂದೇ ತುಂಡಾಗಿ ಬೇಯಿಸಿದ ಚರ್ಮ ಅದು. ಆ ಚರ್ಮದೊಳಗೆ ಸಾಸಿವೆಗಿಂತ ಸಣ್ಣವಾದ ಕೋಟ್ಯಂತರ ಗುಳಿಗೆಗಳು, ಗುಳಿಗೆಗಳ ತುಂಬ ದ್ರವ. ಎಲ್ಲಾದರೂ ಬಿರುಕು ಬಿಟ್ಟರೆ ಅಲ್ಲಿನ ಗುಳಿಗೆಗಳು ಒಡೆದು, ದ್ರವ ಬಿರುಕಿನೊಳಗೆ ಹರಿದು ಗಟ್ಟಿಯಾಗುತ್ತದೆ. ಚರ್ಮದುದ್ದಕ್ಕೂ ಗಾಜಿನ ಎಳೆಗಳ ನರಗಳಿವೆ. ಅವುಗಳಲ್ಲಿ ಸದಾ ಬೆಳಕು ಓಡುತ್ತಿರುತ್ತದೆ. ಎಲ್ಲಿ ಬಿರುಕು ಎದ್ದಿತು, ಎಲ್ಲಿ ಮಾಯಿತು ಎಂದು ಅವು ಕಂಪ್ಯೂಟರಿಗೆ ತಿಳಿಸುತ್ತವೆ. ಈ ಮಿಂಚುಳ್ಳಿಗಳನ್ನು ಹಾರಿಸಿ ಪರೀಕ್ಷಿಸುತ್ತಿದ್ದ ನಾಲ್ವರು ಪೈಲಟ್‌ಗಳಲ್ಲಿ ಒಬ್ಬಳು ಬ್ರಾಹ್ಮಿ, ಪದ್ಮರಾಜಯ್ಯನವರ ಅಕ್ಕನ ಮಗಳು.

ಬ್ರಾಹ್ಮಿಗೆ ಒಂಬತ್ತು ವರ್ಷವಿದ್ದಾಗ ಅವಳ ತಂದೆ ತೀರಿಕೊಂಡಿದ್ದರು. ಪದ್ಮರಾಜಯ್ಯ ಅಕ್ಕ ಮರುದೇವಮ್ಮನನ್ನೂ ಮಗುವನ್ನೂ ತಮ್ಮ ಕ್ವಾರ್ಟರ್ಸಿಗೆ ಕರೆತಂದರು. ಅವರು ಮದುವೆಯಾಗಲಿಲ್ಲ, ಯಾಕೆ ಎಂದು ಮನೆಯಲ್ಲಿ ಯಾರೂ ಕೇಳಲೂ ಇಲ್ಲ. ಜೈನರ ಮನೆ, ಸೂರ್ಯ ಮುಳುಗುವ ಮೊದಲೇ ಊಟ. ಆದೇಶ ಬಂದ ವಾರ ಹೀಗೇ ಒಂದು ಸಂಜೆ ಬಿಸಿಲಿರುವಾಗಲೇ ಮೂವರೂ ಮುದ್ದೆ, ಹೆಸರುಬೇಳೆ ಸಾರು, ಹೀರೇಕಾಯಿ ಪಲ್ಯದ ಮುಂದೆ ಕೂತಿದ್ದರು.

"ಮಾವ, ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ," ಎಂದಳು ಬ್ರಾಹ್ಮಿ. "ಐವತ್ತೆರಡು ವರ್ಷದ ಹಿಂದಿನ ವಿಮಾನವನ್ನ ಇಷ್ಟು ದಿನ ಯಾಕೆ ಮಾಡ್ತಾ ಬಂದ್ವಿ? ಅಷ್ಟರಲ್ಲಿ ಕಾರು, ಫೋನು, ರೈಲು ಎಲ್ಲಾ ಎಷ್ಟು ಸಲ ಬದಲಾಗಿಲ್ಲ."

"ಹಳೇದು ಆಕಾರ ಮಾತ್ರ ಕಣಮ್ಮ. ಒಳಗಡೆ ರೇಡಾರ್ ಮೂರು ಸಲ ಬದಲಾಯಿಸಿದ್ದೀವಿ, ಇಂಜಿನ್ ಎರಡು ಸಲ. ಪೈಲಟ್ ಮುಂದಿರೋ ಪರದೆಗಳು ಹೋದ ವರ್ಷದವು. ಗಾಳಿ ಏನೂ ಬದಲಾಗಿಲ್ಲವಲ್ಲ. ಅವತ್ತು ಚೆನ್ನಾಗಿ ಹಾರಿದ ಆಕಾರ ಇವತ್ತೂ ಚೆನ್ನಾಗೇ ಹಾರುತ್ತೆ."

"ಅಷ್ಟೇನಾ?"

ಪದ್ಮರಾಜಯ್ಯ ತುತ್ತು ನುಂಗಿದರು. "ಅಷ್ಟೇ ಅಲ್ಲ. ಅದರ ಕಾಯಿಲೆ ಎಲ್ಲಾ ನಮಗೆ ಗೊತ್ತು. ಎಡರೆಕ್ಕೆಯ ಬುಡದಲ್ಲಿ ಹದಿನೇಳನೇ ಕಮಾನಿನ ಬೋಲ್ಟ್ ತೂತು ಇದೆ. ಮೂರು ಸಾವಿರದ ನೂರು ಗಂಟೆ ಆದ್ಮೇಲೆ ಅಲ್ಲಿ ಬಿರುಕು ಏಳುತ್ತೆ. ಮೂರೂವರೆ ಸಾವಿರಕ್ಕೆ ನಾವು ಆ ತುಂಡು ಬದಲಾಯಿಸ್ತೀವಿ. ಇಂಥಾ ಒಂದೊಂದು ಸಾಲು ಬರೆಯೋಕೂ ಯಾರೋ ಒಬ್ಬರು ಸತ್ತಿದ್ದಾರೆ, ಇಲ್ಲಾ ಸಾಯೋದು ಸ್ವಲ್ಪದರಲ್ಲಿ ತಪ್ಪಿದೆ. ಹೊಸಾ ವಿಮಾನ ಅಂದ್ರೆ ಅಷ್ಟನ್ನೂ ಮೊದಲಿಂದ ಕಲೀಬೇಕು."

"ಮಿಂಚುಳ್ಳಿಗೆ ಕಾಯಿಲೇನೇ ಬರಲ್ಲ ಮಾವ. ಬಂದ್ರೂ ತಾನೇ ವಾಸಿ ಮಾಡ್ಕೊಳ್ಳುತ್ತೆ."

"ಬರಲ್ಲವೋ, ಇನ್ನೂ ಬಂದಿಲ್ಲವೋ?"

"ಊಟದ ಹೊತ್ತಲ್ಲಿ ಸಾಯೋ ಮಾತು, ಕಾಯಿಲೆ ಮಾತು ಯಾಕೆ? ಹೊತ್ತು ಮುಳುಗ್ತಾ ಬಂತು, ಬೇಗ ಉಣ್ಣಿ," ಎಂದು ಮರುದೇವಮ್ಮ ಮಜ್ಜಿಗೆ ಬಡಿಸಿದರು.

ಬ್ರಾಹ್ಮಿ ನಕ್ಕು ಮಜ್ಜಿಗೆ ಕಲಸಿಕೊಂಡಳು. ಆದರೆ ಅವಳು ಹೇಳಿದ ಮಾತು ಪದ್ಮರಾಜಯ್ಯನವರ ತಲೆಯಿಂದ ಇಳಿಯಲಿಲ್ಲ.

ಮರುದಿನ ಅವರು ಮಿಂಚುಳ್ಳಿಯ ಮುಖ್ಯ ವಿನ್ಯಾಸಕ ಡಾ. ವಿನೋದ ಕುಲಗೋಡನ ಕೋಣೆಗೆ ಹೋದರು. ಕುಲಗೋಡ ಬೆಳಗಾವಿ ಕಡೆಯವನು, ಮೂವತ್ತಾರು ವರ್ಷದವನು. ಆ ಗುಳಿಗೆಯ ದ್ರವವನ್ನು ಕಂಡುಹಿಡಿದವನು ಅವನೇ.

"ಒಂದು ಮಿಂಚುಳ್ಳಿ ರೆಕ್ಕೆ ಕೊಡಿ. ಶೆಡ್ ಮುಚ್ಚೋವರೆಗೂ ಜಾಕ್‌ಗೆ ಹಾಕಿ ನೋಡ್ತೀನಿ," ಎಂದರು ಪದ್ಮರಾಜಯ್ಯ.

"ಕಂಪ್ಯೂಟರದಾಗ ಇಪ್ಪತ್ತು ಸಾವಿರ ತಾಸು ಹಾರಿಸೇವ್ರಿ ಸರ್. ತುಂಡು ಕೊಯ್ದು ಬಿರುಕು ಬಿಡಿಸಿ ನೋಡೇವಿ. ಮಾಯಿದ ಜಾಗಾ ಮೊದಲಿನಕಿಂತ ಗಟ್ಟಿ ಆಕ್ಕೈತಿ."

"ಗೊತ್ತು. ಓದಿದ್ದೀನಿ. ಆದರೂ ಇಡೀ ರೆಕ್ಕೆ ಒಂದು ಸಲ ನೋಡೋ ಆಸೆ."

ನಿವೃತ್ತಿಗೆ ಹತ್ತಿರವಾದ ಹಿರಿಯರ ಆಸೆಯೆಂದು ಕುಲಗೋಡ ಭಾವಿಸಿದ. ಬಣ್ಣದಲ್ಲಿ ಏನೋ ದೋಷವಿದೆಯೆಂದು ಪಕ್ಕಕ್ಕಿಟ್ಟಿದ್ದ ಒಂದು ಎಡರೆಕ್ಕೆ ಉಗ್ರಾಣದಲ್ಲಿತ್ತು. "ತಗೊಂಡ ಹೋಗ್ರಿ," ಎಂದ.

ಜನವರಿ ಕೊನೆಯ ವಾರ ಅಜ್ಜಿಯ ಪಕ್ಕದಲ್ಲೇ ಆ ರೆಕ್ಕೆಯನ್ನು ಬಿಗಿದರು. ದಿನಕ್ಕೆ ಹದಿನೈದು ಗಂಟೆಗಳ ಹಾರಾಟದ ಪೆಟ್ಟನ್ನು ಜಾಕ್‌ಗಳು ಅದಕ್ಕೆ ಕೊಡುತ್ತಿದ್ದವು; ಅದೂ ಪರೀಕ್ಷಾ ಹಾರಾಟದ ಒರಟು ಪೆಟ್ಟು. ಮೊದಲ ಮೂರು ವಾರ ಪದ್ಮರಾಜಯ್ಯ ಬೆರಗಿನಿಂದಲೇ ನೋಡಿದರು. ಬೆಳಿಗ್ಗೆ ಎದ್ದ ಕೂದಲೆಳೆಯಂಥ ಬಿರುಕು ಮಧ್ಯಾಹ್ನದೊಳಗೆ ಇಲ್ಲವಾಗುತ್ತಿತ್ತು. ನರಗಳು ಹೇಳಿದ್ದೂ ಕಣ್ಣಿಗೆ ಕಂಡದ್ದೂ ಒಂದೇ ಆಗಿತ್ತು. 'ಕುಲಗೋಡ ಹೇಳಿದ್ದು ನಿಜ' ಎಂದು ಅವರು ದಿನಚರಿಯಲ್ಲಿ ಬರೆದರು.

ಅನುಮಾನ ಮೊದಲು ಬಂದದ್ದು ಮೆಹರುನ್ನೀಸಾ ಅವರಿಗೆ. ಮೂವತ್ತು ವರ್ಷ ಡೇಗೆಗೆ ರಿವೆಟ್ ಹೊಡೆದು ಈಗ ಆ ಸಾಲಿನ ಮೇಲ್ವಿಚಾರಕಿಯಾಗಿದ್ದ ಅವರು ಊಟದ ಬಿಡುವಿನಲ್ಲಿ ನಾಲ್ಕನೇ ಶೆಡ್ಡಿಗೆ ಬರುತ್ತಿದ್ದರು. ಅಂಥ ರೆಕ್ಕೆಗಳನ್ನು ನಾಣ್ಯದಿಂದ ತಟ್ಟಿ ನೋಡುವ ಹಳೆಯ ಅಭ್ಯಾಸವೊಂದುಂಟು. ಒಳಗೆ ಪದರ ಬಿಟ್ಟಿದ್ದರೆ ಸದ್ದು ಮಂದವಾಗುತ್ತದೆ. ಮೆಹರುನ್ನೀಸಾ ಐದು ರೂಪಾಯಿಯ ನಾಣ್ಯದಿಂದ ರೆಕ್ಕೆಯ ಕೆಳಮೈಯನ್ನು ಬುಡದಿಂದ ತುದಿಯವರೆಗೆ ತಟ್ಟುತ್ತ ಹೋದರು. ಬುಡದ ಹತ್ತಿರ ನಿಂತು ಮತ್ತೆ ತಟ್ಟಿದರು.

"ಸರ್, ಇಲ್ಲಿ ಕೇಳಿ. ಮಂದ ಇಲ್ಲ, ಉಲ್ಟಾ. ಗಾಜಿನ ಬಟ್ಟಲು ತಟ್ಟಿದ ಹಾಗಿದೆ."

ಪದ್ಮರಾಜಯ್ಯ ಕಿವಿ ಹಚ್ಚಿ ಕೇಳಿದರು. ನಿಜ. ಒಂದು ಗೇಣುದ್ದದ ಜಾಗದಲ್ಲಿ ಸದ್ದು ಟಣ್ಣನೆ ಚೂಪಾಗಿತ್ತು. ಪರದೆಯಲ್ಲಿ ಆ ಜಾಗದಲ್ಲಿ ಒಂದೂ ಬಿರುಕಿರಲಿಲ್ಲ. ಹನ್ನೆರಡು ಸಲ ಬಿರುಕು ಎದ್ದು, ಹನ್ನೆರಡೂ ಸಲ ಪೂರ್ತಿ ಮಾಯಿತ್ತು.

ಅವರು ಎರಡು ದಿನ ಯೋಚಿಸಿದರು. ಮಾಯಿದ ಜಾಗ ಮೊದಲಿಗಿಂತ ಗಟ್ಟಿ, ಸರಿ. ಗಟ್ಟಿಯಾದದ್ದು ಬಾಗುವುದಿಲ್ಲ. ಬಾಗದಿದ್ದರೆ ಸುತ್ತಲಿನ ಹೊರೆಯನ್ನೆಲ್ಲ ಅದೇ ಎಳೆದುಕೊಳ್ಳುತ್ತದೆ. ಆಗ ಅದರ ಅಂಚಿನಲ್ಲೇ ಮುಂದಿನ ಬಿರುಕು. ಅದೂ ಮಾಯುತ್ತದೆ, ಅದೂ ಗಟ್ಟಿಯಾಗುತ್ತದೆ. ಹೀಗೆ ಮಾಯಿದ ಗಾಯದ ಕಲೆ ಪಕ್ಕ ಕಲೆ ಸೇರಿ ಒಂದು ಗೆರೆಯಾಗುತ್ತದೆ. ನರಗಳಿಗೆ ಬಿರುಕನ್ನು ಮಾತ್ರ ಹೇಳಲು ಕಲಿಸಿದ್ದರು, ಕಲೆಯನ್ನಲ್ಲ. ಕುಲಗೋಡನ ಪ್ರಯೋಗಾಲಯದಲ್ಲಿ ಒಂದು ಗಾಯ ಮಾಯುವುದನ್ನು ಸಾವಿರ ಸಲ ನೋಡಿದ್ದರು. ಮಾಯಿದ ಗಾಯದ ಪಕ್ಕದಲ್ಲಿ ಇನ್ನೊಂದು, ಅದರ ಪಕ್ಕದಲ್ಲಿ ಮತ್ತೊಂದು ಏಳುವುದನ್ನು ಯಾರೂ ನೋಡಿರಲಿಲ್ಲ.

ಅವರು ನಾಲ್ಕು ಪುಟದ ಟಿಪ್ಪಣಿ ಬರೆದು ಕಳಿಸಿದರು. ಕುಲಗೋಡ ಓದಿದ. ತಳ್ಳಿಹಾಕಲಿಲ್ಲ. "ಗುರುವಾರ ಎಲ್ಲಾರೂ ಕುಂತು ನೋಡೋಣ್ರಿ ಸರ್," ಎಂದ.

ರೆಕ್ಕೆ ಗುರುವಾರದವರೆಗೆ ಕಾಯಲಿಲ್ಲ. ಮಾರ್ಚ್ ಎರಡನೇ ವಾರದ ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಏಳುನೂರ ಆರನೇ ಗಂಟೆಯ ಪೆಟ್ಟು ನಡೆಯುತ್ತಿತ್ತು. ವಿಮಾನದ ತೂಕದ ಐದು ಪಟ್ಟು ಹೊರೆಗೆ ಜಾಕ್‌ಗಳು ಏರಿದಾಗ ಕಲ್ಲುಕ್ವಾರಿಯಲ್ಲಿ ಬಂಡೆ ಸಿಡಿದಂಥ ಸದ್ದಾಯಿತು. ರೆಕ್ಕೆ ಬುಡದಿಂದ ಒಂದಡಿ ದೂರದಲ್ಲಿ, ಕತ್ತಿಯಿಂದ ಕಡಿದಷ್ಟು ನೇರವಾಗಿ ತುಂಡಾಗಿ ನೇತಾಡುತ್ತಿತ್ತು. ಪರದೆಯಲ್ಲಿ ಕೊನೆಯ ಕ್ಷಣದವರೆಗೂ ಒಂದು ಎಚ್ಚರಿಕೆಯೂ ಇರಲಿಲ್ಲ.

ಪದ್ಮರಾಜಯ್ಯನವರಿಗೆ ಮೊದಲು ನೆನಪಾದದ್ದು ಆ ದಿನದ ಹಾರಾಟದ ಪಟ್ಟಿ. ಒಂದನೇ ಮಿಂಚುಳ್ಳಿ, ಎಲ್ಲಕ್ಕಿಂತ ಹೆಚ್ಚು ಹಾರಿದ ವಿಮಾನ, ಆರುನೂರ ತೊಂಬತ್ತು ಗಂಟೆ. ಹತ್ತಕ್ಕೆ ಮೇಲೇರಿತ್ತು. ಪೈಲಟ್ ಬ್ರಾಹ್ಮಿ.

ಅವರು ನಿಯಂತ್ರಣ ಕೊಠಡಿಯಲ್ಲಿದ್ದ ಕುಲಗೋಡನಿಗೆ ಫೋನ್ ಮಾಡಿದರು. "ಆರು ಪಟ್ಟಿನ ತಿರುವು ಮಾಡಿಸಬೇಡಿ. ನೇರವಾಗಿ ಹಾರಲಿ. ರೆಕ್ಕೆ ಮುರೀತು ಇಲ್ಲಿ. ನಾನು ಬರ್ತಾ ಇದ್ದೀನಿ."

ನಿಯಂತ್ರಣ ಕೊಠಡಿ ಒಂದೂವರೆ ಕಿಲೋಮೀಟರ್ ದೂರ. ಮೆಹರುನ್ನೀಸಾ ಆಗಲೇ ತಮ್ಮ ಸ್ಕೂಟರನ್ನು ಬಾಗಿಲಿಗೆ ತಂದಿದ್ದರು. "ಕೂತ್ಕೊಳಿ ಸರ್," ಎಂದಷ್ಟೇ ಹೇಳಿದರು. 

ಕೊಠಡಿಯಲ್ಲಿ ಕುಲಗೋಡ ಪರದೆಯ ಮುಂದೆ ನಿಂತಿದ್ದ. ಅವನ ಮುಖ ಬಿಳಿಚಿತ್ತು. "ನೋಡ್ರಿ ಸರ್, ಎಲ್ಲಾ ಹಸಿರ ಐತಿ. ಒಂದ ಬಿರುಕಿಲ್ಲ."

"ನನ್ನ ರೆಕ್ಕೆಯಲ್ಲೂ ಎಲ್ಲಾ ಹಸಿರೇ ಇತ್ತು."

ಬ್ರಾಹ್ಮಿಯ ವಿಮಾನದ ಪಕ್ಕದಲ್ಲಿ, ಪ್ರತಿ ಪರೀಕ್ಷಾ ಹಾರಾಟದಂತೆ, ಒಂದು ಡೇಗೆ ಜೊತೆಗೆ ಹಾರುತ್ತಿತ್ತು. ಅದರ ಪೈಲಟ್ ವಿಂಗ್ ಕಮಾಂಡರ್ ಸಲ್ಡಾನ. ಹಾರಾಟ ನಿರ್ದೇಶಕರು ರೇಡಿಯೋದಲ್ಲಿ ಅವರಿಗೆ ಮಿಂಚುಳ್ಳಿಯ ಕೆಳಗೆ ಹೋಗಿ ಎಡರೆಕ್ಕೆಯ ಬುಡ ನೋಡಲು ಹೇಳಿದರು. ಅರ್ಧ ನಿಮಿಷದ ಮೇಲೆ ಉತ್ತರ ಬಂತು.

"ಬಿರುಕು ಕಾಣ್ತಾ ಇಲ್ಲ. ಆದರೆ ಒಂದು ಗೆರೆ ಇದೆ. ಬಸವನಹುಳು ಹರಿದ ಹಾಗೆ ಬಿಸಿಲಿಗೆ ಹೊಳೀತಾ ಇದೆ. ಒಂದು ಮೊಳ ಉದ್ದ ಇರಬಹುದು."

ಕುಲಗೋಡ ಕುರ್ಚಿಯಲ್ಲಿ ಕುಸಿದ. ಮರುಕ್ಷಣವೇ ಎದ್ದು ನಿಂತ. "ನೀವ ಹೇಳ್ರಿ ಸರ್. ಏನ್ ಮಾಡೂಣು? ಕಂಪ್ಯೂಟರ ರೆಕ್ಕೀ ಒಳಗಿನ ಎಣ್ಣಿ ಎಲ್ಲಾ ಚೆಲ್ಲಿ, ಹಗುರ ಆಗಿ ಇಳೀರಿ ಅಂತೈತಿ."

"ಬೇಡ," ಎಂದರು ಪದ್ಮರಾಜಯ್ಯ. "ಗಾಳಿ ರೆಕ್ಕೆಯನ್ನ ಮೇಲಕ್ಕೆ ಎತ್ತುತ್ತೆ. ಅದರೊಳಗಿನ ಇಂಧನದ ಭಾರ ಕೆಳಕ್ಕೆ ಎಳೆಯುತ್ತೆ. ಆ ಭಾರ ಇರೋದ್ರಿಂದಲೇ ಬುಡದ ಮೇಲಿನ ಎಳೆತ ಕಡಿಮೆ ಆಗಿರೋದು. ರೆಕ್ಕೆಯ ಇಂಧನ ಹಾಗೇ ಇರಲಿ. ಹೊಟ್ಟೆಯ ಟ್ಯಾಂಕಿನದು ಮಾತ್ರ ಉರಿಸಲಿ."

"ಇಳಿಯೂ ಹೊತ್ತಿನ್ಯಾಗ? ನೆಲಕ್ಕ ಬಡಿದಾಗ ಆ ಭಾರ?"

"ಆಗ ರೆಕ್ಕೆ ಕೆಳಕ್ಕೆ ಜಗ್ಗುತ್ತೆ. ಕಲೆ ಇರೋದು ಕೆಳಮೈಯಲ್ಲಿ, ಅಲ್ಲಿ ಒತ್ತಡ ಬೀಳುತ್ತೆ, ಎಳೆತ ಅಲ್ಲ. ಗಾಜು ಎಳೆದರೆ ಒಡೆಯುತ್ತೆ, ಒತ್ತಿದರೆ ತಡೆಯುತ್ತೆ. ಇದು ನನ್ನ ಬುದ್ಧಿ ಅಲ್ಲ. ಹತ್ತೊಂಬತ್ತು ವರ್ಷದ ಹಿಂದೆ ಎರಡು ಡೇಗೆಗಳಿಗೆ ಒಂದೇ ತಿಂಗಳಲ್ಲಿ ರೆಕ್ಕೆ ತೊಲೆ ಬಿರುಕು ಬಿಟ್ಟಿತ್ತು. ಒಬ್ಬರು ಇಂಧನ ಚೆಲ್ಲಿದರು, ಬರಲಿಲ್ಲ. ಇನ್ನೊಬ್ಬರಿಗೆ ಚೆಲ್ಲೋ ಕವಾಟ ಕೆಟ್ಟಿತ್ತು, ಅವರು ಬಂದರು. ಡೇಗೆ ಕೈಪಿಡಿಯಲ್ಲಿ ಇದೆ."

ನಿರ್ದೇಶಕರು ಎಲ್ಲವನ್ನೂ ಕೇಳಿಸಿಕೊಂಡರು. ನಂತರ ರೇಡಿಯೋದಲ್ಲಿ ಬ್ರಾಹ್ಮಿಗೆ ಇದ್ದದ್ದನ್ನು ಇದ್ದಂತೆ ತಿಳಿಸಿದರು. ಕೊನೆಗೆ, "ಆಸನದ ಸಮೇತ ಹೊರಗೆ ಹಾರಿ ಪ್ಯಾರಾಚೂಟ್‌ನಲ್ಲಿ ಇಳಿಯೋದಾದರೆ ಅನುಮತಿ ಇದೆ. ನಿರ್ಧಾರ ನಿಮ್ಮದು," ಎಂದರು.

 ಗಾಳಿಯ ಸದ್ದಿನ ನಡುವೆ ಅವಳ ದನಿ ಬಂತು.

"ಮಾವ ಅಲ್ಲಿದ್ದಾರಾ?"

ಕೆಲಸದ ಹೊತ್ತಿನಲ್ಲಿ ಅವಳು ಅವರನ್ನು ಎಂದೂ ಮಾವ ಎಂದಿರಲಿಲ್ಲ. ನಿರ್ದೇಶಕರು ಮೈಕನ್ನು ಪದ್ಮರಾಜಯ್ಯನವರ ಕಡೆ ಸರಿಸಿದರು.

"ಇದ್ದೀನಮ್ಮ."

"ರೆಕ್ಕೆ ನಿಲ್ಲುತ್ತಾ?"

ಹಾರಿಬಿಡು, ವಿಮಾನ ಹೋದರೆ ಹೋಗಲಿ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ಆದರೆ ಆ ವೇಗದಲ್ಲಿ ಆಸನದೊಂದಿಗೆ ಚಿಮ್ಮಿದ ಎಷ್ಟು ಜನರ ಬೆನ್ನುಮೂಳೆ ಮುರಿದಿದೆ ಎಂಬುದೂ ಅವರಿಗೆ ಗೊತ್ತಿತ್ತು. ತಾವು ಕಣ್ಣಾರೆ ಕಂಡದ್ದನ್ನು ಮಾತ್ರ ಹೇಳಬೇಕು ಎಂದು ಅವರು ನಿಶ್ಚಯಿಸಿದರು.

"ನನ್ನ ರೆಕ್ಕೆ ಐದು ಪಟ್ಟಿಗೆ ಮುರೀತು. ಅದಕ್ಕೆ ಎರಡು ನಿಮಿಷ ಮುಂಚೆ ಇದೇ ಗೆರೆ ಇಟ್ಕೊಂಡು ಮೂರು ಪಟ್ಟು ತಡೆದಿತ್ತು. ಎರಡರೊಳಗೆ ಇಟ್ಟರೆ ನಿಲ್ಲುತ್ತೆ. ದೊಡ್ಡ ತಿರುವು ಬೇಡ. ಗಾಳಿಯ ಹೊಡೆತ ತಪ್ಪಿಸು."

"ಹೊತ್ತೇರ್ತಾ ಇದೆ ಮಾವ. ಬಯಲು ಕಾಯೋಕೆ ಶುರುವಾಗಿದೆ, ಕೆಳಗಡೆ ಕುಲುಕಾಟ ಇರುತ್ತೆ." ಅವಳು ಯೋಚಿಸುತ್ತಿದ್ದಳು. "ಮಾರಿಕಣಿವೆ ಅಣೆಕಟ್ಟೆ ನೀರಿನ ಮೇಲಿಂದ ಇಳಿದು ಬರ್ತೀನಿ. ಈ ಹೊತ್ತಲ್ಲಿ ಕೆರೆ ಮೇಲೆ ಗಾಳಿ ತಣ್ಣಗಿರುತ್ತೆ. ಕೊನೇ ಸ್ವಲ್ಪ ದೂರ ಮಾತ್ರ ಬಯಲು."

ಆ ದಾರಿ ಯಾವ ಕಂಪ್ಯೂಟರಿಗೂ ಹೊಳೆದಿರಲಿಲ್ಲ. ನಿರ್ದೇಶಕರು ಒಪ್ಪಿದರು.

ಮುಂದಿನ ಹತ್ತೊಂಬತ್ತು ನಿಮಿಷ ಕೊಠಡಿಯಲ್ಲಿ ಯಾರೂ ಕೂರಲಿಲ್ಲ. ಕುಲಗೋಡ ಹೊರೆಯ ಅಂಕಿಗಳನ್ನು ಗಟ್ಟಿಯಾಗಿ ಓದುತ್ತಿದ್ದ. ಒಂದು ಪಟ್ಟು. ಒಂದೂಕಾಲು. ಒಂದು. ಜಲಾಶಯದ ಮೇಲೆ ಅಂಕಿ ಅಲುಗಲೇ ಇಲ್ಲ. ಬಯಲಿಗೆ ಬಂದ ಕೂಡಲೇ ಒಮ್ಮೆ ಒಂದೂಮುಕ್ಕಾಲಿಗೆ ಜಿಗಿಯಿತು. ಸಲ್ಡಾನ, "ಗೆರೆ ಹಾಗೇ ಇದೆ. ಬೆಳೆದಿಲ್ಲ," ಎಂದರು. ಅವರ ಡೇಗೆ ಮಿಂಚುಳ್ಳಿಯ ಪಕ್ಕಕ್ಕೆ ಅಂಟಿಕೊಂಡಂತೆ ಬರುತ್ತಿತ್ತು.

ಕಿಟಕಿಯಿಂದ ಎರಡೂ ವಿಮಾನಗಳು ಕಂಡವು. ಬ್ರಾಹ್ಮಿ ಭಾರವಾದ ವಿಮಾನವನ್ನು ಉದ್ದನೆಯ ಓಡುದಾರಿಯ ಆರಂಭದಲ್ಲೇ, ತುಂಬಿದ ಕೊಡ ಇಳಿಸುವಂತೆ ನೆಲಕ್ಕೆ ಮುಟ್ಟಿಸಿದಳು. ಚಕ್ರಗಳಿಂದ ಹೊಗೆ ಎದ್ದಿತು. ಎಡರೆಕ್ಕೆ ಒಮ್ಮೆ ಕೆಳಕ್ಕೆ ಜಗ್ಗಿತು, ಮೇಲೆದ್ದಿತು, ಅಲ್ಲೇ ನಿಂತಿತು. ವಿಮಾನ ಓಡುತ್ತ ಓಡುತ್ತ ದಾರಿಯ ಕೊನೆಯ ಬಿಳಿ ಪಟ್ಟೆಗಳ ಮೇಲೆ ನಿಂತಿತು. ಸಲ್ಡಾನ ಅವಳ ತಲೆಯ ಮೇಲಿಂದ ತಗ್ಗಾಗಿ ಹಾದು ಮತ್ತೆ ಏರಿದರು.

"ನಿಂತಿದ್ದೀನಿ," ಎಂದಳು ಬ್ರಾಹ್ಮಿ.

 ಮೆಹರುನ್ನೀಸಾ ಪದ್ಮರಾಜಯ್ಯನವರ ತೋಳು ಹಿಡಿದು ಕುರ್ಚಿಯಲ್ಲಿ ಕೂರಿಸಿ ನೀರು ಕೊಟ್ಟರು. ಕುಲಗೋಡ ಗೋಡೆಗೆ ಹಣೆಯಿಟ್ಟು ನಿಂತಿದ್ದ. ಅಳುತ್ತಿದ್ದಾನೆಂದು ಬೆನ್ನಿನಿಂದ ಗೊತ್ತಾಗುತ್ತಿತ್ತು. ಯಾರೂ ಅವನನ್ನು ಕರೆಯಲಿಲ್ಲ. ಅವನೇ ತಿರುಗಿ ಬಂದು, "ನಿಮ್ಮ ಟಿಪ್ಪಣಿ ಬಂದ ದಿನಾನ ಹಾರಾಟ ನಿಲ್ಲಿಸಬೇಕಾಗಿತ್ರಿ," ಎಂದ.

"ನಾನೂ ನಿಲ್ಲಿಸಿ ಅಂತ ಬರೀಲಿಲ್ಲ," ಎಂದರು ಪದ್ಮರಾಜಯ್ಯ. "ಗುರುವಾರಕ್ಕೆ ಒಪ್ಪಿಕೊಂಡವನು ನಾನೇ."

ಆ ದಿನ ಬ್ರಾಹ್ಮಿ ಮನೆಗೆ ಬಂದಾಗ ನಾಲ್ಕು ಗಂಟೆ. ಮರುದೇವಮ್ಮನಿಗೆ ಯಾರೂ ಏನೂ ಹೇಳಿರಲಿಲ್ಲ. ಅವರು ಹಿತ್ತಲಿನಲ್ಲಿ ಹಪ್ಪಳ ಒಣಗಿಸುತ್ತಿದ್ದರು. ಮಗಳು ಬಂದು ಅವರ ಪಕ್ಕದಲ್ಲಿ ಚಾಪೆಯ ಮೇಲೆ ಮಲಗಿ, ನಡೆದದ್ದನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಮರುದೇವಮ್ಮ ಹಪ್ಪಳ ತಿರುವುವುದನ್ನು ನಿಲ್ಲಿಸಿ ಕೇಳಿದರು. ಮಗಳ ಎರಡೂ ಕೈಗಳನ್ನು ಹಿಡಿದು, ಭುಜ ಮುಟ್ಟಿ, ಬೆನ್ನು ಸವರಿ, ಎಲ್ಲಿಯೂ ಏನೂ ಆಗಿಲ್ಲವೆಂದು ಖಾತರಿ ಮಾಡಿಕೊಂಡರು.

ಪದ್ಮರಾಜಯ್ಯ ಬಾಗಿಲಲ್ಲಿ ನಿಂತಿದ್ದರು. "ಪದ್ಮ, ಬಾ ಇಲ್ಲಿ," ಎಂದರು ಅಕ್ಕ. ತಮ್ಮ ಬಂದು ಕೂತ. "ಅವಳು ಕೇಳಿದಾಗ ನೀನು ನಿಲ್ಲುತ್ತೆ ಅಂದೆಯಂತೆ. ನಿಲ್ಲದೇ ಹೋಗಿದ್ರೆ?"

"ಗೊತ್ತಿಲ್ಲ ಅಕ್ಕ."

"ಸುಳ್ಳು ಸಮಾಧಾನ ಹೇಳಲಿಲ್ಲ ತಾನೇ?"

"ಇಲ್ಲ. ನೋಡಿದ್ದನ್ನೇ ಹೇಳಿದೆ."

"ಹಾಗಿದ್ರೆ ಸರಿ," ಎಂದು ಮರುದೇವಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. ಬ್ರಾಹ್ಮಿ ಆಗಲೇ ನಿದ್ದೆ ಹೋಗಿದ್ದಳು. ಹಪ್ಪಳದ ಮೇಲೆ ಕೂರಲು ಬಂದ ಕಾಗೆಯನ್ನು ಪದ್ಮರಾಜಯ್ಯ ಸದ್ದಿಲ್ಲದೆ ಕೈಬೀಸಿ ಓಡಿಸಿದರು.

ಗುರುವಾರದ ಸಭೆ ಎರಡು ದಿನ ನಡೆಯಿತು. ಒಂದನೇ ಮಿಂಚುಳ್ಳಿಯ ರೆಕ್ಕೆಯನ್ನು ಕೊಯ್ದು ನೋಡಿದಾಗ ಕಲೆಯ ಗೆರೆ ಒಂದೂಕಾಲು ಮೊಳ ಉದ್ದವಿತ್ತು. ಅಂದು ಆರು ಪಟ್ಟಿನ ತಿರುವು ಮಾಡಿದ್ದರೆ ಏನಾಗುತ್ತಿತ್ತು ಎಂದು ಯಾರೂ ಬಾಯಿಬಿಟ್ಟು ಕೇಳಲಿಲ್ಲ. ದೆಹಲಿಯಿಂದ ಬಂದಿದ್ದ ಅಧಿಕಾರಿಗಳು ಮಿಂಚುಳ್ಳಿಯನ್ನು ಕೈಬಿಡುವುದೇ ಒಳ್ಳೆಯದು ಎಂದರು. ಅದಕ್ಕೆ ಅಡ್ಡ ಬಂದವರು ಪದ್ಮರಾಜಯ್ಯನವರೇ.

"ಡೇಗೆಯೂ ಮೊದಲ ಹತ್ತು ವರ್ಷ ಹೀಗೇ ಇತ್ತು. ಒಂಬತ್ತು ವಿಮಾನ ಹೋದವು. ಅವತ್ತು ಕೈಬಿಟ್ಟಿದ್ದರೆ ಇವತ್ತಿನ ಡೇಗೆ ಇರ್ತಾ ಇರಲಿಲ್ಲ," ಎಂದರು ಅವರು. "ಮಿಂಚುಳ್ಳಿಗೂ ಕಾಯಿಲೆ ಬರಲಿ, ನೆಲದ ಮೇಲೆ ಬರಲಿ. ಪೂರ್ತಿ ವಿಮಾನವನ್ನ ಜಾಕ್‌ಗೆ ಹಾಕಿ ನಾವು ನೋಡ್ತೀವಿ. ಅದು ಕಲಿಯೋವರೆಗೂ ಡೇಗೆ ಹಾರಲಿ. ಅದನ್ನ ಮಾಡೋಕೆ ಗೊತ್ತಿರೋ ಕೈಗಳು ಇನ್ನೂ ಇಲ್ಲೇ ಇವೆ. ಒಂದು ಸಲ ಮನೆಗೆ ಕಳಿಸಿದರೆ ಆ ಕೈಗಳು ಮತ್ತೆ ಸಿಗಲ್ಲ."

ಕುಲಗೋಡ ತನ್ನ ಸರದಿ ಬಂದಾಗ ಒಂದೇ ಮಾತು ಹೇಳಿದ: "ಸರ್ ಹೇಳಿದ್ದಕ್ಕ ನನ್ನ ಸಹಿ ಐತ್ರಿ."

ಮಾರ್ಚ್ ಮುಗಿಯಲು ಆರು ದಿನವಿರುವಾಗ ಹೊಸ ಆದೇಶ ಬಂತು. ಡೇಗೆಯ ತಯಾರಿಕೆ ಇನ್ನೂ ಹನ್ನೆರಡು ವರ್ಷ. ಚೌಕಟ್ಟುಗಳನ್ನು ಕತ್ತರಿಸಲು ಬಂದಿದ್ದ ಗುತ್ತಿಗೆದಾರರ ಲಾರಿ ಗೇಟಿನಿಂದಲೇ ಹಿಂದಿರುಗಿತು. ಜೋಡಣೆಯ ಶೆಡ್ಡಿನಲ್ಲಿ ಮೆಹರುನ್ನೀಸಾ ಆದೇಶವನ್ನು ಎರಡು ಸಲ ಗಟ್ಟಿಯಾಗಿ ಓದಿದರು. ಮುನ್ನೂರು ಜನ ಕೆಲಸಗಾರರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಅದು ಸಾಲಿನಿಂದ ಸಾಲಿಗೆ ಹರಡಿತು. ತಾಂತ್ರಿಕ ಶಾಲೆಯಿಂದ ಇಪ್ಪತ್ತು ಹುಡುಗಿಯರನ್ನು ರಿವೆಟ್ ಕಲಿಸಲು ತೆಗೆದುಕೊಳ್ಳಬೇಕೆಂದೂ ಆದೇಶದಲ್ಲಿತ್ತು. "ನನ್ನ ನಿವೃತ್ತಿ ಹೋಯ್ತು ಬಿಡಿ," ಎಂದು ಮೆಹರುನ್ನೀಸಾ ಗೊಣಗಿದರು. ಅಂದೇ ಮಧ್ಯಾಹ್ನ ಕೂತು ಆ ಇಪ್ಪತ್ತು ಜನಕ್ಕೆ ಕಲಿಸಬೇಕಾದ ಪಾಠಗಳನ್ನು ಬರೆಯತೊಡಗಿದರು.

ಏಪ್ರಿಲಿನಲ್ಲಿ ಕುಲಗೋಡ ತನ್ನ ಮೇಜನ್ನೂ ಪುಸ್ತಕಗಳನ್ನೂ ನಾಲ್ಕನೇ ಶೆಡ್ಡಿಗೆ ತರಿಸಿಕೊಂಡ. ಗುಳಿಗೆಯ ದ್ರವ ಗಟ್ಟಿಯಾದ ಮೇಲೂ ಸ್ವಲ್ಪ ಬಾಗುವಂತಿರಬೇಕು, ಅದು ಅವನ ಹೊಸ ಹಟ. ಮೊದಲ ಮಾದರಿ ತೀರಾ ಮೆತ್ತಗಾಯಿತು, ಎರಡನೆಯದು ವಾಸನೆ ಹೊಡೆಯಿತು. ಎರಡನೇ ಮಿಂಚುಳ್ಳಿಯನ್ನು ಹಾರಾಟದಿಂದ ಬಿಡಿಸಿ ಉಕ್ಕಿನ ಚೌಕಟ್ಟಿಗೆ ಬಿಗಿಯಲು ಇಡೀ ಮೇ ತಿಂಗಳು ಹಿಡಿಯಿತು.

ಜೂನ್ ಮೊದಲ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಜಾಕ್‌ಗಳು ಮೊದಲ ಸಲ ಅದರ ರೆಕ್ಕೆಗಳನ್ನು ಎತ್ತಿದವು. ಅದೇ ಹೊತ್ತಿಗೆ ಹೊರಗೆ ಓಡುದಾರಿಯಿಂದ ಒಂದು ಹೊಸ ಡೇಗೆ, ಆ ತಿಂಗಳು ತಯಾರಾದದ್ದು, ಮೇಲೇರಿತು. ಹಾರಿಸುತ್ತಿದ್ದವಳು ಬ್ರಾಹ್ಮಿ. ಶೆಡ್ಡಿನ ತಗಡುಗಳು ಸದ್ದಿಗೆ ಅದುರಿದವು.

ಅವಳು ಮಿಂಚುಳ್ಳಿ ಹಾರಿಸಲು ಶುರುಮಾಡಿದ ನಾಲ್ಕು ವರ್ಷಗಳಲ್ಲಿ, ಅವಳ ವಿಮಾನ ಏರುವ ಸದ್ದು ಕೇಳಿದಾಗಲೆಲ್ಲ ಪದ್ಮರಾಜಯ್ಯ ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಗೆ ಹೋಗಿ, ಅದು ಚುಕ್ಕಿಯಾಗಿ ಮಾಯವಾಗುವವರೆಗೆ ನೋಡುತ್ತಿದ್ದರು. ಯಾರಿಗೂ ಅದನ್ನು ಹೇಳಿರಲಿಲ್ಲ. ಕುಲಗೋಡನಿಗೂ ಆ ಅಭ್ಯಾಸ ಗೊತ್ತಿತ್ತೋ ಏನೋ, ಅವನು ಒಮ್ಮೆ ಬಾಗಿಲಿನ ಕಡೆ, ಒಮ್ಮೆ ಅವರ ಕಡೆ ನೋಡಿದ.

"ನೋಡಾಕ ಹೋಗಂಗಿಲ್ಲೇನ್ರಿ ಸರ್?"

ಪದ್ಮರಾಜಯ್ಯ ಸದ್ದನ್ನು ಒಂದು ಕ್ಷಣ ಕೇಳಿಸಿಕೊಂಡರು. ಪ್ರತಿ ಕಂಪನವೂ ಪರಿಚಯದ್ದು. ಅವರು ಹೊಸ ದಿನಚರಿ ತೆರೆದು ಪೆನ್ನಿನ ಮುಚ್ಚಳ ತೆಗೆದರು.

"ಬೇಡ. ಅವಳು ಹನ್ನೊಂದಕ್ಕೆ ಬರ್ತಾಳೆ," ಎಂದು ಹೇಳಿ ಬರೆಯಲು ಕೂತರು.